ಕಡುಬಿಗೆ ಕಾರಣ ಕೇಳಿದರೆ

ತೀರ್ಥಹಳ್ಳಿ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರು ಎಂಟು ಪುಟಗಳ ಪತ್ರ ಬರೆದಿದ್ದಾರೆ. ಪೂರ್ತಿ ಅಚ್ಚು ಮಾಡಲು ಜಾಗವಿಲ್ಲ, ಸಾರ ಇಷ್ಟು: "ಕಳೆದ ಭೂಮಿ ಹುಣ್ಣಿಮೆಗೆ ಬೆಂಗಳೂರಿನಿಂದ ಮೊಮ್ಮಗ ಬಂದಿದ್ದ. ಗದ್ದೆಯಲ್ಲಿ ಪೂಜೆ ಮುಗಿಸಿ ಎಡೆಯ ಕಡುಬನ್ನು ಮಣ್ಣಿನಲ್ಲಿ ಹೂಳುವಾಗ, 'ಅಜ್ಜಾ, ತಿನ್ನುವುದನ್ನು ಯಾಕೆ ಹೂಳುತ್ತೀರಿ?' ಎಂದು ಕೇಳಿದ. ಮೂವತ್ತೈದು ವರ್ಷ ಪಾಠ ಹೇಳಿದ ನನ್ನ ಬಾಯಲ್ಲಿ ಉತ್ತರ ಬರಲಿಲ್ಲ. ನಮ್ಮ ಹಿರಿಯರು ಕಾರಣವಿಲ್ಲದೆ ಏನನ್ನೂ ಮಾಡಿದವರಲ್ಲ. ಪ್ರತಿಯೊಂದು ಆಚರಣೆಯ ಹಿಂದೆಯೂ ವಿಜ್ಞಾನವಿದೆ. ಅದನ್ನು ಬಿಡಿಸಿ ಹೇಳುವ ಅಂಕಣವೊಂದನ್ನು ತಾವು ಆರಂಭಿಸಬೇಕು. ಇಲ್ಲವಾದರೆ ಮುಂದಿನವರು ಇದೆಲ್ಲ ಮೂಢನಂಬಿಕೆಯೆಂದು ಕೈಬಿಡುತ್ತಾರೆ." ಜೊತೆಗೆ ಅಂಕಣಕ್ಕೆ ಮಾದರಿಯೆಂದು ಇಪ್ಪತ್ತೆರಡು ಆಚರಣೆಗಳ ಪಟ್ಟಿಯನ್ನೂ, ಒಂದೊಂದರ ಎದುರಿಗೆ ಅದರ 'ವೈಜ್ಞಾನಿಕ ಕಾರಣ'ವನ್ನೂ ದುಂಡಗಿನ ಅಕ್ಷರಗಳಲ್ಲಿ ಬರೆದು ಲಗತ್ತಿಸಿದ್ದಾರೆ.

ಮೇಷ್ಟ್ರೇ, ನಿಮ್ಮ ಅಕ್ಷರ ನೋಡಿ ನನಗೆ ಕಾಪಿ ಪುಸ್ತಕ ತಿದ್ದುತ್ತಿದ್ದ ನನ್ನ ಮೇಷ್ಟ್ರು ನೆನಪಾದರು. ಆದ್ದರಿಂದ ಬೆತ್ತದ ಭಯವಿಟ್ಟುಕೊಂಡೇ ಹೇಳುತ್ತೇನೆ: ಅಂಕಣ ಶುರು ಮಾಡುವುದಿಲ್ಲ.

ಕಾರಣ ಕೇಳುವುದು ತಪ್ಪು ಎನ್ನುತ್ತಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡ, ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿ ರಚಿಸಿದ ಎಚ್. ನರಸಿಂಹಯ್ಯನವರನ್ನು ಗೌರವಿಸುತ್ತಲೇ ಬೆಳೆದವರು ನಾವು. ನಿಮ್ಮದೇ ತಾಲ್ಲೂಕಿನ ಕುಪ್ಪಳಿಯ ಕವಿ ಪುರೋಹಿತರ ಹೊಗೆಯನ್ನೆಲ್ಲ ಬದಿಗೆ ಸರಿಸಿ ಮಂತ್ರ ಮಾಂಗಲ್ಯ ಎಂಬ ಸರಳ ಮದುವೆಯನ್ನು ಕೊಟ್ಟರು. ಅವರೆಲ್ಲ ಪ್ರಶ್ನೆ ಕೇಳಿದ್ದು ಸರಿ. ಆದರೆ ಅವರು ಪ್ರಶ್ನೆ ಕೇಳಿ, ಸರಿಕಾಣದ್ದನ್ನು ಬಿಟ್ಟರು. ನಿಮ್ಮ ಪಟ್ಟಿಯಲ್ಲಿ ಬಿಡುವ ಬಾಬತ್ತೇ ಇಲ್ಲವಲ್ಲ! ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ತೇರ್ಗಡೆ. ಇಂಥ ಫಲಿತಾಂಶ ಬಂದರೆ ಮೇಲ್ವಿಚಾರಕರ ಮೇಲೆ ನಿಮಗೇ ಅನುಮಾನ ಬರುತ್ತಿರಲಿಲ್ಲವೆ?

ಪಟ್ಟಿಯ ನಾಲ್ಕನೆಯದನ್ನೇ ನೋಡಿ. ತುಳಸಿ ಇಪ್ಪತ್ತನಾಲ್ಕು ಗಂಟೆಯೂ ಆಮ್ಲಜನಕ ಬಿಡುತ್ತದೆ, ಆದ್ದರಿಂದ ಅಂಗಳದಲ್ಲಿ ಕಟ್ಟೆ. ಬಿಸಿಲಿಲ್ಲದೆ ಗಿಡ ಆಮ್ಲಜನಕ ತಯಾರಿಸುವುದಿಲ್ಲವೆಂದು ನೀವೇ ಏಳನೇ ತರಗತಿಗೆ ಪಾಠ ಮಾಡಿದ್ದೀರಿ. ರಾತ್ರಿ ತುಳಸಿಯೂ ನಮ್ಮ ಹಾಗೆಯೇ ಉಸಿರಾಡುತ್ತದೆ, ಅದೂ ಆಮ್ಲಜನಕವನ್ನೇ ಎಳೆದುಕೊಳ್ಳುತ್ತದೆ. ಇನ್ನು ಗಂಟೆಯ ನಾದ ಏಳು ಸೆಕೆಂಡು ನಿಂತು ಏಳು ಚಕ್ರಗಳನ್ನು ತಟ್ಟುವುದು, ಕುಂಕುಮವಿಡುವಾಗ ಹುಬ್ಬಿನ ನಡುವೆ ಗ್ರಂಥಿ ಒತ್ತುವುದು ಇತ್ಯಾದಿಗಳು ಮೊಬೈಲಿನಿಂದ ಮೊಬೈಲಿಗೆ ಹಾರಿ ಬಂದವು. ನನಗೂ ದಿನಕ್ಕೆ ಮೂರು ಬರುತ್ತವೆ. ಹತ್ತೊಂಬತ್ತನೆಯದು ಮಾತ್ರ ನಿಮ್ಮ ಸ್ವಂತದ್ದೆಂದು ಕಾಣುತ್ತದೆ: ಹೂತ ಕಡುಬು ಗದ್ದೆಗೆ ಗೊಬ್ಬರವಾಗುತ್ತದೆ, ಸೊಪ್ಪಿನ ಔಷಧಿ ಗುಣದಿಂದ ಕೀಟ ಸಾಯುತ್ತದೆ. ಒಂದು ಕಡುಬು ಒಂದೆಕರೆಗೆ ಗೊಬ್ಬರವಾಗುವುದಿದ್ದರೆ ಸೊಸೈಟಿಯ ಮುಂದೆ ಯೂರಿಯಾಕ್ಕೆ ಚೀಲ ಹಿಡಿದು ಸಾಲು ನಿಲ್ಲುವವರು ಯಾರು? ಮೊಮ್ಮಗ ಇವತ್ತು ಇದನ್ನು ನಂಬುತ್ತಾನೆ. ಹತ್ತನೇ ತರಗತಿಗೆ ಬಂದ ದಿನ ನಗುತ್ತಾನೆ. ನಗುವಾಗ ನಿಮ್ಮ ವಿಜ್ಞಾನವನ್ನು ಮಾತ್ರ ಎಸೆಯುವುದಿಲ್ಲ, ಕಡುಬನ್ನೂ ಜೊತೆಗೇ ಎಸೆಯುತ್ತಾನೆ.

ಇನ್ನೊಂದು ಮಾತು ಸ್ವಲ್ಪ ಖಾರವಾಗಿಯೇ ಇದೆ, ಸಹಿಸಿಕೊಳ್ಳಿ. ಈ 'ಕಾರಣ'ದ ಗಿರಣಿಗೆ ಏನು ಹಾಕಿದರೂ ಹಿಟ್ಟಾಗುತ್ತದೆ. ಮುಟ್ಟಾದ ಹೆಣ್ಣುಮಕ್ಕಳನ್ನು ಮಳೆಗಾಲದ ಚಳಿಯಲ್ಲಿ ಮೂರು ದಿನ ಹೊರಗೆ ಕೂರಿಸಿದ್ದಕ್ಕೂ 'ವಿಶ್ರಾಂತಿ' ಎಂಬ ಕಾರಣವನ್ನು ನಾನು ಕೇಳಿದ್ದೇನೆ. ನನ್ನ ಅಜ್ಜ ಒಡೆಯರ ಮನೆಯ ಅಂಗಳ ದಾಟಿ ಜಗಲಿ ಹತ್ತಿದವನಲ್ಲ. ಅದಕ್ಕೂ ಯಾರೋ ಒಬ್ಬರು 'ಸೋಂಕು ತಡೆಯುವ ವಿಧಾನ' ಎಂದು ಭಾಷಣ ಮಾಡಿದರು, ಸಾಂಕ್ರಾಮಿಕದ ವರ್ಷ, ಮುಖಗವಸು ಹಾಕಿಕೊಂಡು. ಎದ್ದು ಬಂದುಬಿಟ್ಟೆ.

ಭೂಮಿ ಹುಣ್ಣಿಮೆಯ ವಿಷಯಕ್ಕೆ ಬರೋಣ. ನಾನು ಸಾಗರದ ಕಡೆಯ ದೀವರ ಮನೆಯ ಹುಡುಗ. ನಮ್ಮಲ್ಲಿ ಅದು ಹಬ್ಬಕ್ಕಿಂತ ದೊಡ್ಡದು, ಮನೆಯವರೆಲ್ಲ ಮೈಮುರಿಯುವ ಕೆಲಸ. ನವರಾತ್ರಿ ಮುಗಿಯುವ ಹೊತ್ತಿಗೆ ಅಮ್ಮ ಅಟ್ಟದಿಂದ ಗದ್ದೆಗೆ ಎಡೆ ಹೊರುವ ಭೂಮಣ್ಣಿ ಬುಟ್ಟಿಗಳನ್ನು ಇಳಿಸುತ್ತಿದ್ದಳು, ದೊಡ್ಡದೊಂದು, ಚಿಕ್ಕದೊಂದು. ಸಗಣಿ ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣು ಬಳಿದು, ಅಕ್ಕಿ ನೆನೆಸಿ ಅರೆದ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಗೆರೆ ಎಳೆಯುತ್ತಿದ್ದಳು. ಕಪ್ಪು ಬೇಕಾದರೆ ಹುರಿದು ಕರಿದಾದ ಅಕ್ಕಿ, ಹಳದಿಗೆ ಗುರಿಗೆ ಬೀಜ. ಹಸೆ ಚಿತ್ತಾರದ ಆ ಗೆರೆಗಳಿಗೆ ಅಳತೆಕೋಲಿರಲಿಲ್ಲ, ಆದರೂ ಒಂದೂ ಸೊಟ್ಟಗಾಗುತ್ತಿರಲಿಲ್ಲ.

ನಾನೂ ನಿಮ್ಮ ಮೊಮ್ಮಗನ ವಯಸ್ಸಿನಲ್ಲಿ ಅದೇ ಪ್ರಶ್ನೆಯನ್ನು ಅಜ್ಜಿಗೆ ಕೇಳಿದ್ದೆ. ಅಜ್ಜಿ ಉತ್ತರ ಹೇಳಲಿಲ್ಲ. "ಮೊದಲು ಹೋಗಿ ಸೊಪ್ಪು ಕೊಯ್ದುಕೊಂಡು ಬಾ" ಎಂದಳು. ಗದ್ದೆಗೆ ಬೀರುವ ಸೊಪ್ಪಿನ ಅಡುಗೆ ಹಚ್ಚಂಬಲಿಗೆ ನೂರೊಂದು ಕುಡಿ ಎಂಬ ಲೆಕ್ಕ. ನೂರೊಂದನ್ನು ಯಾರೂ ಎಣಿಸಿದ್ದು ನಾನು ನೋಡಿಲ್ಲ, ಆದರೆ ಎಣಿಕೆ ಕಡಿಮೆಯಾಯಿತೆಂದು ಬೈದದ್ದು ಕೇಳಿದ್ದೇನೆ. ಗದ್ದೆಯ ಬದು, ಬೇಲಿಯ ಬುಡ, ಕೊಟ್ಟಿಗೆಯ ಹಿಂಭಾಗ, ಬೆಟ್ಟದ ಅಂಚು ಸುತ್ತಿದೆ. ಒಂದೆಲಗ, ಚಗಟೆ, ಹೊನಗೊನೆ, ಗಣಿಕೆ, ನೆಲನೆಲ್ಲಿ, ಕೆಸುವಿನ ಎಲೆ, ಹಾಗಲದ ಕುಡಿ, ಹೀರೆಯ ಕುಡಿ, ಹೆಸರು ಗೊತ್ತಿಲ್ಲದ ಇನ್ನೆಷ್ಟೋ. ತಂದು ಸುರಿದೆ. ಅಜ್ಜಿ ಒಂದೊಂದನ್ನೇ ಮೂಸಿ, ಎರಡು ಜಾತಿಯ ಸೊಪ್ಪನ್ನು ಎತ್ತಿ ಅಂಗಳದಾಚೆ ಎಸೆದಳು. "ಇದು ತುರಿಸುತ್ತದೆ, ಇದು ದನವೂ ತಿನ್ನುವುದಿಲ್ಲ, ಭೂಮಿತಾಯಿಗೆ ಕೊಡುತ್ತೀಯಾ?" ಅಷ್ಟೇ ಪಾಠ. ಹೀಗೆ ಆರೇಳು ವರ್ಷ ಹೋಗಿ ಬರುವಷ್ಟರಲ್ಲಿ ಮೂವತ್ತು ನಲವತ್ತು ಸೊಪ್ಪು ನನ್ನ ಕೈಗೆ ಗುರುತಾದವು. ಈಗಲೂ ಕತ್ತಲಲ್ಲಿ ಮುಟ್ಟಿ ಹೇಳಬಲ್ಲೆ. ಕಡುಬು ಹೂಳುವುದು ಯಾಕೆಂದು ಅಜ್ಜಿ ಕೊನೆಗೂ ಹೇಳಲಿಲ್ಲ. ನಾನೂ ಕೇಳುವುದನ್ನು ಮರೆತೆ.

ಹುಣ್ಣಿಮೆಯ ಹಿಂದಿನ ರಾತ್ರಿ ಹೆಂಗಸರಿಗೆ ನಿದ್ದೆಯಿಲ್ಲ. ಹಲಸಿನ ಎಲೆಯ ಕೊಟ್ಟೆ ಕಟ್ಟಿ, ಕಡುಬು ಬೇಯಿಸಿ, ಹಚ್ಚಂಬಲಿ ಕುದಿಸಿ, ಕೋಳಿ ಕೂಗುವ ಮೊದಲೇ ಬುಟ್ಟಿ ತುಂಬಬೇಕು. ಆಮೇಲೆ ಗಂಡಸರು ಕತ್ತಲಲ್ಲಿ ದೊಂದಿ ಹಿಡಿದು ಗದ್ದೆಯುದ್ದಕ್ಕೂ ಹಚ್ಚಂಬಲಿ ಬೀರುತ್ತಾ, ಬಾ ತಾಯಿ ಉಣ್ಣು ಎಂದು ಕೂಗುತ್ತಾ ಹೋಗುತ್ತಾರೆ. ಬೆಳಕು ಹರಿದ ಮೇಲೆ ಮನೆಮಂದಿಯೆಲ್ಲ ಹೋಗಿ ಪೂಜೆ, ಕಾಗೆಗೆ ಎಡೆ, ಅಲ್ಲೇ ಬದುವಿನ ಮೇಲೆ ಊಟ. ಇದನ್ನು ನಾನು ಕಣ್ಣರಳಿಸಿ ಬರೆದಾಗಲೆಲ್ಲ ನನ್ನ ಅಕ್ಕ ಫೋನು ಮಾಡುತ್ತಾಳೆ: "ರಾತ್ರಿಯಿಡೀ ಒಲೆಯ ಮುಂದೆ ಬೆಂದವರು ನಾವು, ಬೆಳಿಗ್ಗೆ ಹೋ ಎಂದು ಕೂಗಿ ಹೆಸರು ತಗೊಂಡವರು ನೀವು." ಅವಳಿಗೆ ಹೇಳಲು ನನ್ನ ಬಳಿ ಏನೂ ಇಲ್ಲ. ಕಳೆದೆರಡು ವರ್ಷದಿಂದ ಕೊಟ್ಟೆ ಕಟ್ಟಲು ಕೂರುತ್ತಿದ್ದೇನೆ. ನಾನು ಕಟ್ಟಿದ ಕೊಟ್ಟೆ ಬೇಯುವಾಗ ಬಿಚ್ಚಿಕೊಳ್ಳುತ್ತದೆ ಎಂಬುದು ಬೇರೆ ಮಾತು.

ಕಾರಣ ಬೇಕೇ ಬೇಕು ಎಂದು ನೀವು ಹಟ ಹಿಡಿದರೆ ಅದು ನಮ್ಮ ಮಾತಿನಲ್ಲೇ ಇದೆ ಮೇಷ್ಟ್ರೇ, ಬೇರೆಲ್ಲೂ ಹುಡುಕಬೇಕಿಲ್ಲ. ಆಶ್ವಯುಜದ ಹುಣ್ಣಿಮೆಯ ಹೊತ್ತಿಗೆ ಭತ್ತ ಹೊಡೆ ತುಂಬಿರುತ್ತದೆ. ನಮ್ಮವರು ಭೂಮಿ ಬಸುರಾಗಿದ್ದಾಳೆ ಎನ್ನುತ್ತಾರೆ. ಬಸುರಿಗೆ ಬಯಕೆ ಊಟ. ಮನೆಯ ಮಗಳು ಚೊಚ್ಚಲ ಬಸುರಿಯಾಗಿ ತವರಿಗೆ ಬಂದು ಅಮಟೆಕಾಯಿ ಬೇಕು ಎಂದರೆ ಯಾವ ತಾಯಿ ಅದರ ವೈಜ್ಞಾನಿಕ ಕಾರಣ ಕೇಳುತ್ತಾಳೆ? ಕಬ್ಬಿಣಾಂಶ ಕಡಿಮೆಯಿರಬಹುದು ಎಂದು ವೈದ್ಯರು ಹೇಳಿದರೆ ಸರಿ, ಮಾತ್ರೆಯನ್ನೂ ಕೊಡೋಣ. ಅಮಟೆಕಾಯಿ ಕೊಟ್ಟದ್ದು ಮಾತ್ರ ಅದಕ್ಕಲ್ಲ.

ನನ್ನ ಅಮ್ಮನ ತವರು ಶರಾವತಿಯ ದಂಡೆಯ ಮೇಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಮನೆ, ಗದ್ದೆ, ಹಲಸಿನ ಮರ ಎಲ್ಲವೂ ನೀರಿನೊಳಗೆ. ನಾಡಿಗೆ ಬೆಳಕು ಬಂತು, ಅದನ್ನು ಅಲ್ಲಗಳೆಯುವುದಿಲ್ಲ. ಮುಳುಗಡೆಯ ಜನಕ್ಕೆ ಎಲ್ಲೆಲ್ಲಿಯೋ ಕಾಡಿನ ಮಧ್ಯೆ ಜಾಗ ತೋರಿಸಿದರು. ಅಲ್ಲಿನ್ನೂ ಗದ್ದೆಯೇ ಆಗಿರಲಿಲ್ಲ. ಆ ವರ್ಷದ ಭೂಮಿ ಹುಣ್ಣಿಮೆಗೆ ಸೋದರಮಾವ ಬುಟ್ಟಿ ಹೊತ್ತುಕೊಂಡು ಮೈಲಿಗಟ್ಟಲೆ ನಡೆದು ಹಿನ್ನೀರಿನ ಅಂಚಿಗೆ ಬಂದರಂತೆ. ತಮ್ಮ ಗದ್ದೆ ಎಲ್ಲಿತ್ತೆಂದು ಗುಡ್ಡದ ಗುರುತು ಹಿಡಿದು ಅಂದಾಜು ಮಾಡಿ, ಅಲ್ಲಿಗೆ ನೇರವಾಗಿ ದಂಡೆಯ ಕೆಸರಿನಲ್ಲಿ ಕಡುಬು ಹೂತು ವಾಪಸ್ಸಾದರಂತೆ. ಇದನ್ನು ನಿಮ್ಮ ಪಟ್ಟಿಗೆ ಇಪ್ಪತ್ತಮೂರನೆಯದಾಗಿ ಸೇರಿಸಿ, ಎದುರಿಗೆ ಏನು ಬರೆಯುತ್ತೀರೋ ನೋಡೋಣ.

ಅಪ್ಪನ ಕಡೆಯದು ಬೇರೆ ಕಥೆ. ಅಜ್ಜ ಗೇಣಿದಾರ. ಆತ ಪೂಜಿಸಿದ ಭೂಮಿ ಆತನದಲ್ಲ. ಬೆಳೆದ ಭತ್ತವನ್ನು ಒಡೆಯರ ಕೊಳಗದಲ್ಲಿ ಅಳೆದು ಕೊಡಬೇಕಿತ್ತು, ಆ ಕೊಳಗದ ಹೊಟ್ಟೆ ದೊಡ್ಡದು. ಆ ಕೊಳಗದ ಜಗಳವೇ 1951ರಲ್ಲಿ ಕಾಗೋಡಿನ ಸತ್ಯಾಗ್ರಹವಾಯಿತು. ರೈತ ನಾಯಕ ಗಣಪತಿಯಪ್ಪನವರು ಸಂಘಟಿಸಿದರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದರ ಫಲ ಕೈಗೆ ಬರಲು 1974ರ ಭೂ ಸುಧಾರಣೆಯ ತನಕ ಕಾಯಬೇಕಾಯಿತು. ಗದ್ದೆ ನಮ್ಮ ಹೆಸರಿಗಾದ ವರ್ಷ ಅಜ್ಜಿ ಎರಡರ ಬದಲು ಮೂರು ಬುಟ್ಟಿ ಬರೆದಳು ಎಂದು ನೆನಪು.

ಅಷ್ಟು ಹೋರಾಡಿ ಪಡೆದ ಗದ್ದೆಯಲ್ಲಿ ಈಗ ಏನಿದೆ? ಅಡಿಕೆ. ನಮ್ಮ ಪಾಲಿನ ಅರ್ಧ ಎಕರೆ ಬಿಟ್ಟರೆ ಚಿಕ್ಕಪ್ಪಂದಿರ ಗದ್ದೆಗಳೆಲ್ಲ ಮಣ್ಣು ಏರಿಸಿ, ಬಸಿಗಾಲುವೆ ತೆಗೆದು ತೋಟವಾಗಿವೆ. ತಪ್ಪು ಎನ್ನಲು ನನಗೇನು ಹಕ್ಕು? ನಾಟಿಗೆ ಆಳಿಲ್ಲ, ಭತ್ತಕ್ಕೆ ದರವಿಲ್ಲ, ಕಾಡುಹಂದಿ ಬಿಡುವುದಿಲ್ಲ. ಜೀರಿಗೆ ಸಣ್ಣ, ಗಂಧಸಾಲೆ ಬೆಳೆಯುತ್ತಿದ್ದವರು ಪಡಿತರದ ಅಕ್ಕಿ ತರುತ್ತಾರೆ. ತೋಟದಲ್ಲೂ ಭೂಮಿ ಹುಣ್ಣಿಮೆ ಮಾಡುವವರಿದ್ದಾರೆ, ಮಾಡಲಿ. ಆದರೆ ಬಸುರಿಗೆ ಬಯಕೆ ಎನ್ನುವ ಮಾತು ಅಡಿಕೆ ಮರದ ಬುಡದಲ್ಲಿ ನಿಂತಾಗ ನನ್ನ ಬಾಯಲ್ಲಿ ಸಲೀಸಾಗಿ ಬರುವುದಿಲ್ಲ.

ಮತ್ತೆ ಆ ಸೊಪ್ಪು. ಹೋದ ವರ್ಷ ಪೇಟೆಯ ಅಂಗಡಿಯೊಂದರಲ್ಲಿ ಕಳೆನಾಶಕದ ಡಬ್ಬಿ ನೋಡುತ್ತಿದ್ದೆ. ಯಾವ ಯಾವ ಕಳೆ ಸಾಯುತ್ತದೆಂದು ಅಂಗಡಿಯ ಹುಡುಗ ಉತ್ಸಾಹದಿಂದ ಹೇಳುತ್ತಿದ್ದ. ಅವನು ಬೆರಳು ಮಡಿಚಿದ ಒಂದೊಂದು ಕಳೆಯೂ ನನ್ನ ಅಜ್ಜಿಯ ಹಚ್ಚಂಬಲಿಯ ಸೊಪ್ಪು. ಬದುವಿಗೆ ಒಂದು ಸಲ ಹೊಡೆದರೆ ಸಾಕು ಸಾರ್, ವರ್ಷಪೂರ್ತಿ ಏನೂ ಏಳುವುದಿಲ್ಲ ಎಂದ. ಹೌದು, ಏಳುತ್ತಿಲ್ಲ. ಈಗ ನಮ್ಮೂರಿನ ಹಲವು ಮನೆಗಳಲ್ಲಿ ಸಂತೆಯ ಹರಿವೆ, ಪಾಲಕ್ ಹಾಕಿ ಹಚ್ಚಂಬಲಿ ಮಾಡುತ್ತಾರೆ. ಬುಟ್ಟಿಗಳ ಕಥೆ ಇನ್ನೂ ಚೆನ್ನಾಗಿದೆ: ರಸ್ತೆ ಬದಿಯ ರೆಸಾರ್ಟೊಂದರ ಊಟದ ಮನೆಯಲ್ಲಿ ಭೂಮಣ್ಣಿ ಬುಟ್ಟಿಯನ್ನು ಬೋರಲು ಹಾಕಿ ಒಳಗೆ ವಿದ್ಯುತ್ ದೀಪ ತೂಗಿಸಿದ್ದರು. ಕೆಲಸ ಅಚ್ಚುಕಟ್ಟಾಗಿತ್ತು. ಬರೆದವರು ಯಾರೆಂದು ಕೇಳಿದೆ, ಮಾಣಿಗೆ ಗೊತ್ತಿರಲಿಲ್ಲ.

ಇಷ್ಟೆಲ್ಲ ಆಗುತ್ತಿರುವಾಗ ನೀವು ನನ್ನನ್ನು ವಿಜ್ಞಾನದ ಅಂಕಣ ಬರೆ ಎನ್ನುತ್ತೀರಿ. ಗದ್ದೆ ಉಳಿಯಲಿಲ್ಲ, ಬದುವಿನ ಸೊಪ್ಪು ಉಳಿಯಲಿಲ್ಲ, ಕೊಟ್ಟೆ ಕಟ್ಟುವ ಕೈ ಉಳಿಯಲಿಲ್ಲ. ಕಾರಣವೊಂದು ಉಳಿದರೆ ಅದನ್ನು ಯಾವ ಬುಟ್ಟಿಯಲ್ಲಿ ಹೊರೋಣ? ಕ್ಷಮಿಸಿ, ಸ್ವರ ಏರಿತು. ನಿಮ್ಮ ಮೇಲಿನ ಸಿಟ್ಟಲ್ಲ ಇದು. ಬೆಂಗಳೂರಿನ ಹುಡುಗನನ್ನು ರಜೆಗೆ ಕರೆಸಿಕೊಂಡು ಮುಂಜಾನೆ ಎಬ್ಬಿಸಿ ಗದ್ದೆಗೆ ಕರೆದೊಯ್ದ ಅಜ್ಜಂದಿರು ಎಷ್ಟು ಜನ ಇದ್ದಾರೆ? ಅವನು ಕೇಳಿದ್ದಾನೆಂದರೆ ನೋಡಿದ್ದಾನೆ. ಫೋನಿನಲ್ಲಿ ಮುಳುಗಿದ್ದರೆ ಕೇಳುತ್ತಿರಲಿಲ್ಲ.

ಈ ಸಲದ ಹುಣ್ಣಿಮೆಗೆ ಇಬ್ಬರೂ ನಮ್ಮಲ್ಲಿಗೆ ಬನ್ನಿ. ಹಿಂದಿನ ದಿನ ಮಧ್ಯಾಹ್ನವೇ ಸಾಗರ ತಲುಪಿದರೆ ಸೊಪ್ಪು ಕೊಯ್ಯಲು ಹೊತ್ತಿರುತ್ತದೆ. ನಮ್ಮ ಅರ್ಧ ಎಕರೆಯ ಬದುವಿಗೆ ಇನ್ನೂ ಕಳೆನಾಶಕ ಬಿದ್ದಿಲ್ಲ. ಮೂವತ್ತಾದರೂ ಸಿಗಬಹುದು, ಉಳಿದ ಎಪ್ಪತ್ತೊಂದಕ್ಕೆ ಅಕ್ಕ ಏನು ಬೈಯುತ್ತಾಳೋ ಬೈಯಲಿ. ಹುಡುಗನಿಗೆ ಹಳೆಯ ಪ್ಯಾಂಟು ಹಾಕಿಸಿ. ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ರಕ್ತ ಹೀರುವ ಉಂಬಳ ಇರುತ್ತವೆ. ಸುಣ್ಣ, ಹೊಗೆಸೊಪ್ಪು ನಾನೇ ಇಟ್ಟುಕೊಂಡಿರುತ್ತೇನೆ.

— ಸಂ.