ಹಳೇ ಯಾಶಿಕಾ ಕೊಳ್ಳುವ ಮುನ್ನ

ಪ್ರಶ್ನೆ: ನಮ್ಮೂರಿನ ಹಳೇ ಸ್ಟುಡಿಯೊದವರು ಯಾಶಿಕಾ ಮ್ಯಾಟ್-124ಜಿ (ಮೇಲೊಂದು, ಕೆಳಗೊಂದು ಲೆನ್ಸ್ ಇರುವ ಫಿಲ್ಮ್ ಕ್ಯಾಮೆರಾ) ಮಾರುತ್ತಿದ್ದಾರೆ. ಕೊಳ್ಳುವ ಮೊದಲು ಏನು ನೋಡಬೇಕು? ರೋಲು ಈಗಲೂ ಸಿಗುತ್ತದೆಯೇ?
– ಓದುಗರು, ಶಹಾಪುರ, ಬೆಳಗಾವಿ

ಉತ್ತರ: ಇದಕ್ಕೆ ಹಾಕುವ 120 ಅಳತೆಯ ಫಿಲ್ಮ್ ರೋಲು ಇಂದಿಗೂ ತಯಾರಾಗುತ್ತಿದೆ, ಒಂದರಲ್ಲಿ 12 ಚಿತ್ರ.

ಮೊದಲು ಶಟರ್ (ಬೆಳಕನ್ನು ಕ್ಷಣಕಾಲ ಒಳಬಿಟ್ಟು ಮುಚ್ಚುವ ರೆಪ್ಪೆ) ನೋಡಿ. ಹಿಂಬಾಗಿಲು ತೆರೆದು, ಅಪರ್ಚರ್ (ಲೆನ್ಸಿನ ಬೆಳಕಿಂಡಿ) ಪೂರ್ತಿ ತೆರೆಯುವಂತೆ 3.5ಕ್ಕಿಟ್ಟು, 1 ಸೆಕೆಂಡಿನಿಂದ 1/500ರವರೆಗೆ ಪ್ರತಿ ವೇಗದಲ್ಲೂ ಒತ್ತಿ. ನಿಧಾನ ವೇಗಗಳಲ್ಲಿ ಶಟರ್ ಎಳೆದಾಡಿದರೆ, ತೆರೆದೇ ನಿಂತರೆ, ಒಳಗಿನ ಎಣ್ಣೆ ಅಂಟಾಗಿದೆ ಎಂದೇ ತಿಳಿಯಿರಿ. ಬಿಚ್ಚಿ ತೊಳೆದರೆ ಬಹುತೇಕ ಸರಿಹೋಗುತ್ತದೆ. ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಸೆಲ್ಫ್ ಟೈಮರ್ ಮಾತ್ರ ಮುಟ್ಟಬೇಡಿ, ಅದು ಸಿಕ್ಕಿಕೊಂಡರೆ ಶಟರೇ ನಿಂತುಬಿಡುತ್ತದೆ.

ಆಮೇಲೆ ‘ಬಿ’ಯಲ್ಲಿ (ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುವ ಗುರುತು) ಶಟರ್ ತೆರೆದು ಹಿಡಿದು ಹಿಂದಿನಿಂದ ಟಾರ್ಚ್ ಬಿಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಫಂಗಸ್. ನಮ್ಮ ಮಳೆಗಾಲದ ತೇವದಲ್ಲಿ ಚರ್ಮದ ಕೇಸಿನಲ್ಲೇ ಮುಚ್ಚಿಟ್ಟ ಕ್ಯಾಮೆರಾಕ್ಕೆ ಇದು ಬೇಗ ಹತ್ತುತ್ತದೆ. ಮೇಲಿನ ಲೆನ್ಸ್ ನೋಡುವುದಕ್ಕಷ್ಟೇ. ಅದರ ಮೇಲಿನ ಗೀರು ಚಿತ್ರಕ್ಕೆ ಬರುವುದಿಲ್ಲ. ಚಿತ್ರ ತೆಗೆಯುವ ಕೆಳಗಿನದರಲ್ಲಿ ಫಂಗಸ್ ಗಾಜನ್ನೇ ತಿಂದಿದ್ದರೆ ಬಿಟ್ಟುಬಿಡಿ.

ಬೆಳಕು ಅಳೆಯುವ ಮೀಟರ್ ನಡೆಯುತ್ತದೆಂದು ಹೆಚ್ಚು ಹಣ ಕೊಡಬೇಡಿ. ಅದು 1.35 ವೋಲ್ಟಿನ ಪಾದರಸದ ಸೆಲ್‌ಗೆ ಮಾಡಿದ್ದು, ಈಗಿನ 1.5 ವೋಲ್ಟಿನದು ಹಾಕಿದರೆ ಅಳತೆ ತಪ್ಪುತ್ತದೆ. ಮೊಬೈಲಿನ ಮೀಟರ್ ಆ್ಯಪ್ ಸಾಕು.

ಫೋಕಸ್ ಪರೀಕ್ಷೆಗೆ, ಫಿಲ್ಮ್ ಕೂರುವ ಪಟ್ಟಿಗಳ ಮೇಲೆ ಮಬ್ಬು ಸೆಲ್ಲೊಟೇಪ್ ಬಿಗಿಯಾಗಿ ಎಳೆದಂಟಿಸಿ, ‘ಬಿ’ಯಲ್ಲಿ ದೂರದ ಕಂಬ ನೋಡಿ. ಕ್ಯಾಮೆರಾದ ಮೇಲ್ಭಾಗದ, ನೋಡುವ ಗಾಜಿನಲ್ಲಿ ಸ್ಪಷ್ಟವಾದದ್ದು ಈ ಟೇಪಿನ ಮೇಲೂ ಸ್ಪಷ್ಟವಿರಬೇಕು.