ಮಣ್ಣಪಳ್ಳದಂಥ ಕೆರೆಯಲ್ಲಿ ಹೊರಗಿನಿಂದ ಬಂದ ಬಸವನಹುಳುವನ್ನು ಗುರುತಿಸುವುದು ಹೇಗೆ?

ಮಣಿಪಾಲದ ಮಣ್ಣಪಳ್ಳದಲ್ಲಿ ಸರ್ವೆ ಮಾಡಲು ಹೊರಟ ಪಿಯುಸಿ ಮಕ್ಕಳು ಕೇಳಿದ ಪ್ರಶ್ನೆ ಇದು. ನೀರಿಗಿಳಿಯುವ ಮೊದಲೇ ಕೇಳಿದ್ದು ನನಗೆ ತುಂಬ ಖುಷಿ ಕೊಟ್ಟಿತು.

ಮೊದಲು ನಮ್ಮದನ್ನು ತಿಳಿಯಿರಿ. ಗದ್ದೆ, ಕೆರೆಗಳಲ್ಲಿ ಸಿಗುವ ದೊಡ್ಡ ದುಂಡನೆಯ ಬಸವನಹುಳು ಪೈಲಾ. ಅದರ ಚಿಪ್ಪಿನ ಬಾಯಿಗೆ ಗಟ್ಟಿ ಮುಚ್ಚಳ ಇರುತ್ತದೆ. ಅದನ್ನು ಹೊರಗಿನದೆಂದು ಬರೆದುಕೊಂಡರೆ ಇಡೀ ಸರ್ವೆ ಹಾಳು.

ಉತ್ತರ ಅಮೆರಿಕ ಮೂಲದ ಫೈಸೆಲ್ಲಾ ಅಕ್ಯುಟಾ ಎಂಬ ಬಸವನಹುಳು ಭಾರತಕ್ಕೂ ಬಂದಾಗಿದೆ. ಸುಮಾರು 1 ಸೆಂ.ಮೀ. ಉದ್ದ, ತೆಳು ಚಿಪ್ಪು, ಮುಚ್ಚಳ ಇಲ್ಲ. ಚೂಪು ತುದಿ ಮೇಲೆ, ಬಾಯಿ ನಿಮ್ಮ ಕಡೆಗೆ ಬರುವಂತೆ ಹಿಡಿಯಿರಿ. ಬಾಯಿ ಎಡಕ್ಕಿದ್ದರೆ ಅನುಮಾನಪಡಿ. ಪೈಲಾದ ಬಾಯಿ ಬಲಕ್ಕಿರುತ್ತದೆ. ಎಡಕ್ಕೆ ಸುತ್ತುವ ಇನ್ನೊಂದು ನಮ್ಮದೇ ಜಾತಿ ಇದೆ, ಆದರೆ ಅದು ಚಕ್ಕುಲಿಯಂತೆ ಚಪ್ಪಟೆ.

ಮೊಟ್ಟೆಯನ್ನೂ ನೋಡಿ. ಪೈಲಾ ದಡದ ಒದ್ದೆ ಮಣ್ಣಲ್ಲಿ ಬಿಳಿ ಮೊಟ್ಟೆ ಇಡುತ್ತದೆ. ನೀರಿನ ಮೇಲೆ, ಗಿಡದ ಕಾಂಡಕ್ಕೆ ಅಂಟಿದ ಗುಲಾಬಿ ಗೊಂಚಲು ಕಂಡರೆ ಅದು ದಕ್ಷಿಣ ಅಮೆರಿಕದ ಪೊಮೇಸಿಯಾ ಇರಬಹುದು. ಫಿಲಿಪ್ಪೀನ್ಸ್‌ನಲ್ಲಿ ಭತ್ತದ ಸಸಿಗಳನ್ನು ತಿಂದು ರೈತರನ್ನು ಕಂಗೆಡಿಸಿದ ಹುಳು ಅದು. ಫೋಟೋ ತೆಗೆದು ಕೂಡಲೇ ಪ್ರಾಣಿಶಾಸ್ತ್ರದ ಮೇಷ್ಟ್ರಿಗೆ ತೋರಿಸಿ.

ಎಣಿಸಲು ಅರ್ಧ ಮೀಟರ್ ಚೌಕದ ಪಿವಿಸಿ ಪೈಪ್ ಚೌಕಟ್ಟು ಸಾಕು. ಅದನ್ನು ಹುಳು ಜಾಸ್ತಿ ಇರುವ ಕಡೆ ಮಾತ್ರವಲ್ಲ, ಬೇರೆ ಕಡೆಯೂ ಇಡಿ. ಏನೂ ಸಿಗದ ಜಾಗಕ್ಕೆ ಸೊನ್ನೆ ಬರೆಯಿರಿ, ಅದೂ ಲೆಕ್ಕವೇ ಅಲ್ವಾ!

ನಮ್ಮ ಜಿಲ್ಲೆಯಲ್ಲಿ ನೀರಿಗಿಳಿದರೆ ಇಲಿಜ್ವರದ ಭಯ ಇದೆ. ಗಂಬೂಟು, ಕೈಗವಸು ಬೇಕೇ ಬೇಕು. ಬೇರೆ ಕೆರೆಗೆ ಹೋಗುವ ಮೊದಲು ಬಲೆ, ಬೂಟು ತೊಳೆದು ಬಿಸಿಲಿಗೆ ಒಣಗಿಸಿ. ಇಲ್ಲದಿದ್ದರೆ ನೀವೇ ಮೊಟ್ಟೆ ಹೊತ್ತುಕೊಂಡು ಹೋದಂತಾಗುತ್ತದೆ.