ಓದುಗರ ಪ್ರಶ್ನೆ: ಹಳೇ ಅಂಬಾಸಿಡರ್, ಜೋತುಬಿದ್ದ ಟೈಮಿಂಗ್ ಚೈನ್

ಪ್ರಶ್ನೆ: ನನ್ನದು 1489 ಸಿಸಿ ಪೆಟ್ರೋಲ್ ಅಂಬಾಸಿಡರ್. ಪಿಕಪ್ ಇಲ್ಲ, ಎಂಜಿನ್ನಿನ ಮುಂದಿನ ಕವರ್ ಒಳಗೆ ಕಟಕಟ ಸದ್ದು. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗಿಸಿದರೆ ಅಷ್ಟಿಷ್ಟು ಸುಧಾರಿಸುತ್ತದೆ. ಕ್ಯಾಮ್ ಟೈಮಿಂಗ್ ತಪ್ಪಿದೆಯೇ? ಕವರ್ ಬಿಚ್ಚದೆ ತಿಳಿಯಬಹುದೇ?

ಉತ್ತರ: ತಿಳಿಯಬಹುದು. ಈ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದೂ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟೇ. ಕ್ರ್ಯಾಂಕಿನಿಂದ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಚೈನ್ ಸವೆದು ಜೋತುಬಿದ್ದರೆ ಕ್ಯಾಮ್ ಹಿಂದೆ ಬೀಳುತ್ತದೆ, ಅದರೊಡನೆ ಕಿಡಿಯೂ. ನೀವು ಸರಿಮಾಡಿದ್ದು ಕಿಡಿಯನ್ನು ಮಾತ್ರ. ವಾಲ್ವ್‌ಗಳು ತಡವಾಗಿಯೇ ತೆರೆಯುತ್ತಿವೆ.

ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು) ಮೊದಲು ಸರಿಯಿಡಿ, ಇಲ್ಲದಿದ್ದರೆ ಲೆಕ್ಕ ಸುಳ್ಳಾಗುತ್ತದೆ. ಪ್ಲಗ್‌ಗಳನ್ನು ತೆಗೆದು, ಮುಂದಿನಿಂದ ನೋಡಿದಾಗ ಬಲಕ್ಕೆ ತಿರುಗುವಂತೆ ಹ್ಯಾಂಡಲ್ ಹಾಕಿ ತಿರುಗಿಸಿ. 1ನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಮೇಲೇರುತ್ತ, ಇನ್ಲೆಟ್ ಇಳಿಯತೊಡಗುತ್ತದೆ. ಎರಡೂ ಸಮನಾಗಿ ಒತ್ತಿರುವ ಕ್ಷಣದಲ್ಲಿ ನಿಲ್ಲಿಸಿ ಕ್ರ್ಯಾಂಕ್ ಪುಲ್ಲಿಯ ಕಚ್ಚು ನೋಡಿ. ಕವರಿನ ಉದ್ದನೆಯ ಮೊನೆ ಟಿಡಿಸಿ, ಅಂದರೆ ಪಿಸ್ಟನ್ ಪೂರ್ತಿ ಮೇಲೆ ಬಂದ ಜಾಗ. ಕಚ್ಚು ಅದರ ಹತ್ತಿರವೇ ಇದ್ದರೆ ಸರಿ, ಚೆನ್ನಾಗಿ ದಾಟಿದ್ದರೆ ಕ್ಯಾಮ್ ತಡ. ಕ್ರ್ಯಾಂಕ್ ಗೇರಿಗೆ 20 ಹಲ್ಲಿದ್ದರೆ ಒಂದು ಹಲ್ಲಿನ ತಪ್ಪು 18 ಡಿಗ್ರಿ. ಅದು ಕಣ್ಣಿಗೇ ಕಾಣುತ್ತದೆ.

ಕ್ಯಾಮ್ ತಡವಾಗಿದ್ದರೆ ಕವರ್ ಬಿಚ್ಚಿ, ಚೈನ್ ಜೊತೆ ಎರಡೂ ಗೇರ್ ಬದಲಿಸಿ. ಸವೆದ ಹಲ್ಲಿಗೆ ಹೊಸ ಚೈನ್ ಹಾಕುವುದು ದುಡ್ಡು ಹಾಳು. ಎರಡು ಗೇರನ್ನೂ ಚೈನ್ ಸಮೇತ ಸ್ವಲ್ಪಸ್ವಲ್ಪವೇ ಮೀಟಿ ಒಟ್ಟಿಗೆ ಹೊರತೆಗೆಯಬೇಕು. ಕ್ರ್ಯಾಂಕ್ ಗೇರಿನ ಹಿಂದಿನ ತೆಳು ಶಿಮ್‌ಗಳು (ಬಿಲ್ಲೆಗಳು) ಕಳೆಯದಿರಲಿ. ಕೂಡಿಸುವಾಗ ಕ್ರ್ಯಾಂಕ್ ಕೀ (ಗೇರನ್ನು ಶಾಫ್ಟಿಗೆ ಹಿಡಿದಿಡುವ ತುಂಡು) ನೇರ ಮೇಲಕ್ಕೆ, ಕ್ಯಾಮ್ ಕೀ ಗಡಿಯಾರದ 1 ಗಂಟೆಯ ಕಡೆಗೆ, ಗೇರುಗಳ ಚುಕ್ಕಿಗಳು ಎದುರುಬದುರು. ಎರಡೂ ಗೇರಿನ ಮುಖಕ್ಕೆ ಉಕ್ಕಿನ ಸ್ಕೇಲ್ ಅಡ್ಡ ಹಿಡಿಯಿರಿ. ಸಂದು ಕಂಡರೆ ಶಿಮ್‌ನಿಂದ ಸರಿಪಡಿಸಿ, ಇಲ್ಲವಾದರೆ ಚೈನ್ ಓರೆಯಾಗಿ ಓಡುತ್ತದೆ. ಕೈಯಲ್ಲೇ 2 ಸುತ್ತು ತಿರುಗಿಸಿದರೆ ಚುಕ್ಕಿಗಳು ಮತ್ತೆ ಎದುರಾಗಬೇಕು.

ಕವರ್ ಬೋಲ್ಟ್‌ಗಳನ್ನು ಸಡಿಲವಾಗಿಟ್ಟು, ಪುಲ್ಲಿ ಕೂರಿಸಿ ಆಯಿಲ್ ಸೀಲ್ ನಡುವಿಗೆ ಬಂದ ಮೇಲೆ ಬಿಗಿ ಮಾಡಿ. ಬಹಳ ಜನ ತಪ್ಪುವುದು ಇಲ್ಲೇ. ಆಮೇಲೆ ಆಯಿಲ್ ತೊಟ್ಟಿಕ್ಕುತ್ತದೆ.

ಮೊದಲು ಮುಂದೆ ತಿರುಗಿಸಿದ್ದ ಡಿಸ್ಟ್ರಿಬ್ಯೂಟರನ್ನು ಈಗ ಹೊಸದಾಗಿ ಸೆಟ್ ಮಾಡಿ. ಹಾಗೆಯೇ ಬಿಟ್ಟರೆ ಕಿಡಿ ಬೇಗ ಬಂದು ಏರಿನಲ್ಲಿ ಎಂಜಿನ್ ನಾಕ್ ಹೊಡೆಯುತ್ತದೆ.

ಪ್ರಶ್ನೆ: ಇದೇ ಎಂಜಿನ್. ಚುಕ್ಕಿಗಳು ಸರಿಯಾಗಿವೆ. ಡಿಸ್ಟ್ರಿಬ್ಯೂಟರ್ ಬಿಚ್ಚಿ ಕೂಡಿಸಿದ ಮೇಲೆ ಸ್ಟಾರ್ಟ್ ಆಗುತ್ತಿಲ್ಲ, ಕಾರ್ಬುರೇಟರಿನಲ್ಲಿ ಪಟಾರ್ ಅನ್ನುತ್ತದೆ.

ಉತ್ತರ: ಪುಲ್ಲಿಯ ಕಚ್ಚು ಟಿಡಿಸಿಗೆ ಬಂದಾಗ 1 ಮತ್ತು 4 ಎರಡೂ ಪಿಸ್ಟನ್ ಮೇಲಿರುತ್ತವೆ. 4ನೇ ಸಿಲಿಂಡರಿನ ರಾಕರ್‌ಗಳು ಅಲುಗಾಡುತ್ತ 1ನೆಯದರ ಎರಡೂ ಸಡಿಲವಿದ್ದರೆ ಮಾತ್ರ 1ಕ್ಕೆ ಕಿಡಿಯ ಸರದಿ. ಆಗ ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್ 1ನೇ ವೈರಿನತ್ತ ನೋಡುತ್ತಿರಬೇಕು. ಎದುರು ದಿಕ್ಕಿಗಿದ್ದರೆ ಡಿಸ್ಟ್ರಿಬ್ಯೂಟರನ್ನು ತಿರುಗಿಸುವ ಡ್ರೈವ್ ಶಾಫ್ಟ್ ಅರ್ಧ ಸುತ್ತು ತಪ್ಪಿ ಕೂತಿದೆ. ವೈರ್‌ಗಳ ಕ್ರಮ 1-3-4-2.